ಕುಯ್ಲು ಮುಗಿಯಲಿ ಅನ್ನಬೇಡಿ

ಶಿಕಾಗೊ
ಫೆಬ್ರವರಿ 9

ಪ್ರೀತಿಯ ಅಪ್ಪನಿಗೆ, ಅಮ್ಮನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಜ್ಜಿಗೂ ಸುಂಟಿಕೊಪ್ಪದ ಮಾವನ ಮನೆಯವರಿಗೂ ಕೇಳಿದೆ ಅಂತ ಹೇಳಿ.

ಅಮ್ಮನ ಕಾಗದ ಮೊನ್ನೆ ಬಂತು. ಫೋನಿನಲ್ಲಿ ಹೇಳಲಾಗದ್ದನ್ನು ಅಮ್ಮ ಕಾಗದದಲ್ಲಿ ಬರೆಯೋದು. ಅದಕ್ಕೇ ಲಕೋಟೆ ಒಡೆಯುವಾಗಲೇ ಕೈ ನಡುಗಿತು. ಕಣದಿಂದ ಮೇಲೆ ಹತ್ತುವಾಗ ಅಪ್ಪ ಎರಡು ಸಲ ಎದೆ ಹಿಡಿದುಕೊಂಡು ಕೂತರಂತೆ. ಅಪ್ಪಾ, ಭಾನುವಾರ ಅಷ್ಟು ಹೊತ್ತು ಮಾತಾಡಿದಿರಿ, ಇದನ್ನು ಯಾಕೆ ಹೇಳಲಿಲ್ಲ? ಅದನ್ನು ಕೆಳಗೆ ಬರೆಯುತ್ತೇನೆ. ದಯವಿಟ್ಟು ಕೊನೆವರೆಗೂ ಓದಿ.

ಅಮ್ಮಾ, ಟಿವಿಯಲ್ಲಿ ನೋಡಿದ ಗುಂಡಿನ ಸುದ್ದಿಗೆ ಹೆದರಬೇಡ. ಅದು ನಾನಿರುವ ಬೀದಿಯಲ್ಲ. ಕತ್ತಲಾದ ಮೇಲೆ ನಾನು ಒಬ್ಬಳೇ ಓಡಾಡೋದಿಲ್ಲ. ನಿಜವಾಗಲೂ ಏನೂ ಭಯ ಇಲ್ಲ. ಆದರೆ ಮಾವ "ಕರಿಯರ ಏರಿಯಾದಲ್ಲಿ ಯಾಕೆ ಮನೆ ಮಾಡಿದಳು" ಅಂದರು ಅಂತ ಓದಿ ತುಂಬ ಬೇಜಾರಾಯ್ತು. ಕೆಳಗಿನ ಮನೆ ಅಜ್ಜಿ ಕಪ್ಪು ಜನಾಂಗದವರೇ. ಮೊದಲ ಹಿಮ ಬಿದ್ದ ದಿನ ನನ್ನ ಸ್ವೆಟರ್ ಮುಟ್ಟಿ ನೋಡಿ, ಚೆನ್ನಾಗಿ ಬೈದು, ಮಗಳ ಹಳೆ ಕೋಟು ತಂದು ಹಾಕಿದರು. ಥೇಟ್ ನಮ್ಮ ಅಜ್ಜಿಯದೇ ಬೈಗುಳ. ಆ ಕೋಟು ಇಲ್ಲದಿದ್ದರೆ ಈ ಚಳಿಗಾಲ ಕಳೆಯೋಕೆ ಆಗುತ್ತಿರಲಿಲ್ಲ. ಇದನ್ನು ಮಾವನಿಗೂ ಓದಿ ಹೇಳು.

ನಿನ್ನೆ ಮೈನಸ್ 16 ಡಿಗ್ರಿ ಇತ್ತು. ಊರ ಪಕ್ಕದಲ್ಲೇ ಮಿಶಿಗನ್ ಸರೋವರ, ಆಚೆ ದಡ ಕಾಣೋದೇ ಇಲ್ಲ, ಅಂಚೆಲ್ಲ ಮಂಜುಗಡ್ಡೆ. ಕಾಫಿಯನ್ನು ಚೊಂಬಿನಷ್ಟು ದೊಡ್ಡ ಲೋಟದಲ್ಲಿ ಕೊಡುತ್ತಾರೆ, ಬರೀ ನೀರು. ಅಮ್ಮ ಕಳಿಸಿದ ಪುಡಿ ಹಾಕಿ ಫಿಲ್ಟರ್ ಕಾಫಿ ಮಾಡಿಕೊಟ್ಟೆ, ನನ್ನ ಜೊತೆ ಓದುವವರು ಎರಡೆರಡು ಸಲ ಕೇಳಿ ಕುಡಿದರು. ಇಲ್ಲಿನ ಸಾರ್ವಜನಿಕ ಲೈಬ್ರರಿಗೆ ಪುಸ್ತಕ ತಡವಾಗಿ ತಂದರೂ ದಂಡ ಇಲ್ಲ, 2019ರಲ್ಲೇ ತೆಗೆದುಹಾಕಿದ್ದಾರೆ.

ಇನ್ನು ಅಪ್ಪನ ಪ್ರಶ್ನೆ. "ಕಥೆ ಓದೋಕೆ ಅಷ್ಟು ದೂರ ಹೋಗಬೇಕಿತ್ತಾ, ಕಥೆಯಿಂದ ಯಾರ ಕಷ್ಟ ತೀರುತ್ತೆ" ಅಂತ ಕೇಳಿದ್ದಿರಿ. ಒಂದು ವಾರದಿಂದ ನನ್ನ ತಲೆಯಲ್ಲಿ ಅದೇ ಇದೆ.

ಈಗ ಓದುತ್ತಿರುವುದು ರಿಚರ್ಡ್ ರೈಟ್ ಅವರ 'ನೇಟಿವ್ ಸನ್'. ಅವರು 1908ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿದವರು. ಹುಡುಗನಾಗಿ ಮೆಂಫಿಸ್‌ನಲ್ಲಿ ಕೆಲಸಕ್ಕಿದ್ದಾಗ, ಅಲ್ಲಿನ ಲೈಬ್ರರಿಯಲ್ಲಿ ಕಪ್ಪು ಜನರಿಗೆ ಪುಸ್ತಕ ಕೊಡುತ್ತಿರಲಿಲ್ಲ. ಜೊತೆ ಕೆಲಸ ಮಾಡುವ ಬಿಳಿಯನೊಬ್ಬನ ಕಾರ್ಡ್ ಇಸಕೊಂಡು, ಪುಸ್ತಕ ಅವನಿಗೇ ಬೇಕು ಅನ್ನೋ ಹಾಗೆ ತಾವೇ ಚೀಟಿ ಬರೆದು, ಅವನ ಆಳಿನಂತೆ ಹೋಗಿ ನಿಲ್ಲುತ್ತಿದ್ದರು. 1927ರಲ್ಲಿ ಶಿಕಾಗೊಗೆ ಬಂದರು. ಕಾದಂಬರಿ ಬಂದದ್ದು 1940ರಲ್ಲಿ, ಮೂರೇ ವಾರದಲ್ಲಿ ಎರಡು ಲಕ್ಷಕ್ಕಿಂತ ಜಾಸ್ತಿ ಪ್ರತಿ ಹೋಯಿತು.

ಕಥೆ ಇದೇ ಊರಿನ ಸೌತ್ ಸೈಡ್‌ನಲ್ಲಿ ನಡೆಯೋದು, ನಾನಿರುವುದೂ ಅಲ್ಲೇ. ಒಂದೇ ಕೋಣೆ. ತಾಯಿ, ಮಗಳು, ಇಬ್ಬರು ಗಂಡುಮಕ್ಕಳು. ಬೆಳಿಗ್ಗೆ ಎದ್ದ ಕೂಡಲೇ ಕೋಣೆಯಲ್ಲಿ ದೊಡ್ಡ ಇಲಿ. ದೊಡ್ಡ ಮಗ ಬಿಗ್ಗರ್ ಕಬ್ಬಿಣದ ಬಾಣಲೆಯಿಂದ ಅದನ್ನು ಹೊಡೆದು ಸಾಯಿಸುತ್ತಾನೆ. ಆ ಕೋಣೆಗೆ ವಾರಕ್ಕೆ 8 ಡಾಲರ್ ಬಾಡಿಗೆ. ಆಗ ಕಪ್ಪು ಜನರಿಗೆ ಬೇರೆ ಬಡಾವಣೆಯಲ್ಲಿ ಮನೆ ಕೊಡುತ್ತಿರಲಿಲ್ಲ, ಅದಕ್ಕೆ ಕರಾರುಪತ್ರಗಳೇ ಇದ್ದವು. ಅಂಥ ಕರಾರನ್ನು ಕೋರ್ಟುಗಳು ಜಾರಿ ಮಾಡಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಕಾದಂಬರಿಯಲ್ಲಿ ಆ ಬಾಡಿಗೆ ಹೋಗುವುದು ಡಾಲ್ಟನ್ ಅನ್ನೋ ಸಾಹುಕಾರನ ಕಂಪನಿಗೆ. ಅವನು ಕೆಟ್ಟವನಲ್ಲ ಅಪ್ಪಾ. ಕಪ್ಪು ಹುಡುಗರ ಕ್ಲಬ್ಬಿಗೆ ಪಿಂಗ್‌ಪಾಂಗ್ ಟೇಬಲ್ ದಾನ ಕೊಟ್ಟಿದ್ದಾನೆ.

ಅಲ್ಲಿಗೆ ಪುಸ್ತಕ ಮುಚ್ಚಿಟ್ಟೆ. ನಮ್ಮ ತೋಟದ ಕೆಲಸದವರಿರುವ ಲೈನ್ ಮನೆ ಕಣ್ಣಿಗೆ ಬಂತು. ನಾನು ಆರನೇ ಕ್ಲಾಸಲ್ಲಿದ್ದಾಗ ಜುಲೈ ಮಳೆಯಲ್ಲಿ ಬೊಳ್ಳಿಯನ್ನು ಕರೆಯಲು ಅಮ್ಮ ಕಳಿಸಿದ್ದಳು. ಒಳಗೆ ಕತ್ತಲು, ಒಲೆ ಹೊಗೆ. ಮೂಲೆಯಲ್ಲಿ ಒಂದು ಕೊಡೆ ಬಿಚ್ಚಿಟ್ಟಿತ್ತು. ಮನೆಯೊಳಗೆ ಯಾಕೆ ಕೊಡೆ ಅಂತ ಬಗ್ಗಿ ನೋಡಿದರೆ ಅದರ ಕೆಳಗೆ ಅವಳ ಮಗು ಮಲಗಿತ್ತು. ಕೊಡೆ ಮೇಲೆ ಟಪ್ ಟಪ್ ಅಂತ ನೀರು ಬೀಳುತ್ತಿತ್ತು. ಆ ವರ್ಷವೂ ಹುತ್ತರಿಗೆ ನಾವು ಎಲ್ಲರಿಗೂ ಕಂಬಳಿ ಕೊಟ್ಟೆವು.

ಬೈಯೋಕೆ ಬರೆಯುತ್ತಿಲ್ಲ ಅಪ್ಪಾ. ಕಂಬಳಿ ಕೊಟ್ಟ ಆ ಮನೆಯ ಅನ್ನ ತಿಂದೇ ನಾನೂ ಬೆಳೆದದ್ದು.

ಬಿಗ್ಗರ್ ಒಳ್ಳೆಯ ಹುಡುಗನಲ್ಲ. ಕೊಲೆ ಮಾಡುತ್ತಾನೆ. ಓದಲು ಕಷ್ಟ ಆಗುತ್ತೆ. ರೈಟ್ ಬೇಕೂಂತಲೇ ಹಾಗೆ ಬರೆದರು. ಅವರ ಮೊದಲಿನ ಕಥೆಗಳನ್ನು ಓದಿ ಬ್ಯಾಂಕ್ ಒಡೆಯರ ಹೆಣ್ಣುಮಕ್ಕಳೂ ಅತ್ತು ಸಮಾಧಾನ ಮಾಡಿಕೊಂಡರಂತೆ. ಮುಂದಿನ ಪುಸ್ತಕ ಅಳೋಕೂ ಬಿಡಬಾರದು ಅಂತ ಅವರು ಹಟ ಹಿಡಿದರು. 1949ರಲ್ಲಿ ಜೇಮ್ಸ್ ಬಾಲ್ಡ್ವಿನ್ ಅನ್ನೋ ಇನ್ನೊಬ್ಬ ಕಪ್ಪು ಲೇಖಕರು ಇಂಥ ಕಾದಂಬರಿಗಳ ಮೇಲೆ ಜಗಳ ತೆಗೆದರು, ಇವು ಮನುಷ್ಯನನ್ನು ಪೂರ್ತಿ ಮನುಷ್ಯನಾಗಿ ತೋರಿಸೋದಿಲ್ಲ ಅಂತ. ಅದೂ ನಿಜ ಅನಿಸುತ್ತೆ. ಬೊಳ್ಳಿ ಅಂದರೆ ಸೋರುವ ಸೂರು ಮಾತ್ರ ಅಲ್ವಲ್ಲ. ಯಾವ ಅಣಬೆ ತಿನ್ನಬೇಕು, ಯಾವುದು ಮುಟ್ಟಬಾರದು ಅಂತ ನನಗೆ ಕಲಿಸಿದವಳು ಅವಳು. ಅವಳ ಬಗ್ಗೆ ಯಾರಾದರೂ ಬರೆದರೆ ಎರಡೂ ಬರಬೇಕು.

ಕಥೆಯಿಂದ ಏನಾಗುತ್ತೆ ಅಂದಿರಲ್ಲ. ಕರೆಂಟ್ ಹೋದ ರಾತ್ರಿಗಳಲ್ಲಿ ನಮಗೆ 'ಚೋಮನ ದುಡಿ' ಓದಿ ಹೇಳಿದ್ದು ನೀವೇ. ಉಳೋಕೆ ಒಂದು ತುಂಡು ಭೂಮಿ ಸಿಗದೆ ಚೋಮ ದುಡಿ ಬಾರಿಸುತ್ತಲೇ ಸಾಯುವಾಗ ನಿಮ್ಮ ಗಂಟಲು ಕಟ್ಟಿತ್ತು. ಆ ತಿಂಗಳೇ ಲೈನ್ ಮನೆಗೆ ಕರೆಂಟ್ ಎಳೆಸಿದಿರಿ. ಯಾಕೆ ಅಂತ ನೀವು ಹೇಳಲಿಲ್ಲ. ನನಗೆ ಗೊತ್ತಿತ್ತು.

ಈಗ ನಿಮ್ಮ ಎದೆನೋವು. ಗ್ಯಾಸ್ಟ್ರಿಕ್ ಅನ್ನಬೇಡಿ. ದಿಣ್ಣೆ ಹತ್ತುವಾಗ ಬಂದು ಕೂತರೆ ಹೋಗುವ ನೋವು ಗ್ಯಾಸ್ಟ್ರಿಕ್ ಅಂತ ತಳ್ಳಿಹಾಕುವಂಥದ್ದಲ್ಲ. "ಕುಯ್ಲು ಮುಗಿಯಲಿ, ಕರಿಮೆಣಸು ಇಳಿಸಲಿ, ಆಮೇಲೆ ಮೈಸೂರಿಗೆ ಹೋಗೋಣ" ಅಂದಿರಂತೆ. ಬೇಡ ಅಪ್ಪಾ. ಕಾಫಿ ಗಿಡದಲ್ಲೇ ಉದುರಿದರೂ ಪರವಾಗಿಲ್ಲ. ಈ ವಾರವೇ ಹೋಗಿ. ಇಸಿಜಿ, ಎಕೋ ಮಾಡಿಸಿ, ಆಂಜಿಯೋಗ್ರಾಂ ಬೇಕು ಅಂದರೆ ಅದನ್ನೂ ಮಾಡಿಸಿಬಿಡಿ. ಪ್ರಶಾಂತ ಎರಡು ದಿನ ರಜೆ ಹಾಕಲಿ. ಮೂಟೆ ಹೊರಬೇಡಿ. ಕಣಕ್ಕೆ ಇಳಿಯಲೇಬೇಡಿ. ಅಮ್ಮಾ, ಅವರು ಹೂಮಳೆ, ಸ್ಪ್ರಿಂಕ್ಲರ್ ಅಂತ ಏನಾದರೂ ನೆಪ ತೆಗೆದರೆ ತಕ್ಷಣ ನನಗೆ ಫೋನ್ ಮಾಡು, ಮಧ್ಯರಾತ್ರಿ ಆದರೂ ಸರಿ.

ದುಡ್ಡಿನ ಯೋಚನೆ ಬೇಡ. ಪ್ರಶಾಂತನ ಅಕೌಂಟಿಗೆ 60,000 ಹಾಕಿದ್ದೇನೆ. ಇಲ್ಲಿ ಪಾಠ ಮಾಡಿದ್ದಕ್ಕೆ ಸಿಗುವ ಹಣದಲ್ಲಿ ಉಳಿಸಿದ್ದು, ಯಾರ ಹತ್ತಿರವೂ ಕೇಳಿಲ್ಲ, ಊಟಕ್ಕೂ ಕಡಿಮೆ ಮಾಡಿಲ್ಲ. ಮೊದಲು ಆಸ್ಪತ್ರೆ. ಮಾರ್ಚ್‌ನಲ್ಲಿ ಇನ್ನಷ್ಟು ಕಳಿಸುತ್ತೇನೆ, ಅದು ಲೈನ್ ಮನೆ ಶೀಟಿಗೆ. ಮುಂಗಾರು ಹಿಡಿಯುವ ಮೊದಲು ಆರೂ ಮನೆಗೆ ಹಾಕಿಸಿ. ಇನ್ನೊಂದು ಮಾತು, ಮಗಳ ಹೆರಿಗೆಗೆ ಅಂತ ಬೊಳ್ಳಿ ತಗೊಂಡ ಮುಂಗಡ ಇನ್ನೂ ಕೆಂಪು ಪುಸ್ತಕದಲ್ಲಿದೆ. ಅದಕ್ಕೆ ಗೀಟು ಎಳೆದು, ಅವಳನ್ನು ಕರೆದು ತೋರಿಸಿ. ನನಗಾಗಿ ಇಷ್ಟು ಮಾಡಿ.

ನಾನು ಚೆನ್ನಾಗಿದ್ದೇನೆ. ಊಟ ಸರಿಯಾಗಿದೆ, ಹೀಟರ್ ಇದೆ, ಕೆಮ್ಮು ಪೂರ್ತಿ ಹೋಗಿದೆ. ನನ್ನ ಬಗ್ಗೆ ಒಂದು ಚೂರೂ ಯೋಚಿಸಬೇಡಿ. ಕ್ಲಾಸಿಗೆ ಹೊತ್ತಾಯ್ತು, ದಾರಿಯಲ್ಲೇ ಇದನ್ನು ಪೋಸ್ಟ್ ಮಾಡುತ್ತೇನೆ. ಕಾಗದ ಸೇರೋವರೆಗೂ ಕಾಯೋದಿಲ್ಲ, ಇವತ್ತು ರಾತ್ರಿಯೇ ಫೋನ್ ಮಾಡುತ್ತೇನೆ. ಮೈಸೂರಿಗೆ ಯಾವತ್ತು ಹೊರಡೋದು ಅಂತ ದಿನ ಹೇಳಿ.

ನಿಮ್ಮ ಮಗಳು,
ಸುಮಾ