ಕಬ್ಬನ್ ಪಾರ್ಕ್ ಲೈಬ್ರರಿಯ ಅಕ್ಕನಿಗೆ ಥ್ಯಾಂಕ್ಸ್

ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿಯಲ್ಲಿ ಎದುರು ಕುಳಿತಿದ್ದ ನರ್ಸ್ ಅಕ್ಕಾ, ಹೆಸರು ಕೇಳುವ ಮೊದಲೇ ಡ್ಯೂಟಿಗೆ ಹೊರಟುಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪ್ಯಾಥೋಫಿಸಿಯಾಲಜಿ (ಕಾಯಿಲೆಯಲ್ಲಿ ದೇಹದ ಕೆಲಸ ಹೇಗೆ ಏರುಪೇರಾಗುತ್ತದೆ ಅನ್ನೋ ಪಾಠ) ಅಂದರೆ ನಾವೆಲ್ಲ ಸುಮ್ನೆ ಲಕ್ಷಣಗಳ ಪಟ್ಟಿ ಉರು ಹೊಡೆಯುತ್ತೇವೆ. ನೀವು ಕೇಳಿದ್ದು ಒಂದೇ ಪ್ರಶ್ನೆ: "ದೇಹ ಏನನ್ನ ಸರಿ ಮಾಡೋಕೆ ಒದ್ದಾಡ್ತಿದೆ, ಹೇಳು ನೋಡೋಣ?"

ಅಲ್ಲಿಂದ ಡಯಾಬಿಟಿಕ್ ಕೀಟೋಅಸಿಡೋಸಿಸ್, ಅಂದರೆ ಸಕ್ಕರೆ ಕಾಯಿಲೆಯಲ್ಲಿ ರಕ್ತದ ಆಮ್ಲೀಯತೆ ಏರುವ ಸ್ಥಿತಿ, ತಾನಾಗಿ ಬಿಚ್ಚಿಕೊಂಡಿತು. ಇನ್ಸುಲಿನ್ ಸಾಲದು, ಸ್ನಾಯುಗಳಿಗೆ ಸಕ್ಕರೆ ಸರಿಯಾಗಿ ಸಿಗುವುದಿಲ್ಲ. ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ನೀರನ್ನೂ ಎಳೆದೊಯ್ಯುತ್ತದೆ. ಅದಕ್ಕೇ ಅಷ್ಟು ಬಾಯಾರಿಕೆ. ಇತ್ತ ಕೊಬ್ಬು ಕರಗಿ ಕೀಟೋನ್ ಅನ್ನೋ ಆಮ್ಲೀಯ ಪದಾರ್ಥ ಜಾಸ್ತಿಯಾಗಿ, ರಕ್ತದ ಪಿಎಚ್ (ಇದು ಇಳಿದಷ್ಟೂ ಆಮ್ಲ ಹೆಚ್ಚು) 7.35ಕ್ಕಿಂತ ಕೆಳಗೆ ಬೀಳುತ್ತದೆ. ಆಗ ಕಾರ್ಬನ್ ಡೈಆಕ್ಸೈಡ್ ಹೊರಹಾಕಿ ಆಮ್ಲ ತಗ್ಗಿಸಲು ಉಸಿರು ಆಳವಾಗುತ್ತದೆ. ಪುಸ್ತಕದಲ್ಲಿ ಹೆದರಿಸುತ್ತಿದ್ದ ಈ ಆಳವಾದ 'ಕುಸ್‌ಮೌಲ್ ಉಸಿರಾಟ' ದೇಹದ ರಿಪೇರಿ ಕೆಲಸವೇ, ಅಲ್ವಾ?

ಹೆರಿಗೆಯಲ್ಲಿ ಆಕ್ಸಿಟೋಸಿನ್ ಹಾರ್ಮೋನ್ ಮಾತ್ರ ಉಲ್ಟಾ, ಬದಲಾವಣೆಯನ್ನು ಸರಿಪಡಿಸದೆ ಇನ್ನಷ್ಟು ಹೆಚ್ಚಿಸುತ್ತದೆ, ಅದು ಪಾಸಿಟಿವ್ ಫೀಡ್‌ಬ್ಯಾಕ್ ಅಂತ ನೋಟ್ಸಿನ ಅಂಚಿನಲ್ಲಿ ಗೀಚಿಕೊಟ್ಟಿರಿ. ಪರೀಕ್ಷೆಗೆ ಅದೂ ಬಂತು!

ಮತ್ತೆ ಆ ಕಡೆ ಬಂದರೆ ಕಾಫಿ ನನ್ನ ಲೆಕ್ಕ. ಕಿಡ್ನಿ ಚಾಪ್ಟರ್ ಇನ್ನೂ ಬಾಕಿ ಇದೆ.