ಮಗಳಿಗೊಂದು ಪತ್ರ: ಎಂಟನೇ ತರಗತಿಯ ಆ ವಾಕ್ಯ

ಪುಟ್ಟಿ,

ಯಾದಗಿರಿ ತಲುಪಿದೆ, ರೂಮು ಸಿಕ್ಕಿತು ಅಂತ ಅಮ್ಮ ಹೇಳಿದಳು. ಇನ್ನು ಮುಂದೆ ನೀನು ಮಾಡುವ ಪಾಠಕ್ಕೆ ಅಪ್ಪ ಕೈ ಹಾಕಬಾರದಂತೆ. ಅದನ್ನೂ ಹೇಳಿದಳು. ಅವಳ ಬಾಯಲ್ಲಿ ಬಂದಾಗ ನಿನ್ನ ಸಿಟ್ಟು ಇರಲಿಲ್ಲ. ಈ ‘ಅಂತೆ’ಯೇ ಹಾಗೆ, ಬಿಸಿ ಆರಿಸಿ ತಂದುಕೊಡುತ್ತದೆ. ಭಾನುವಾರ ನಿನ್ನ ಲೆಸನ್ ಪ್ಲಾನ್ ಮೇಲೆ ಕೆಂಪು ಪೆನ್ನು ಆಡಿಸಿದ್ದು ನನ್ನದೇ ತಪ್ಪು.

ಆದರೆ ನನ್ನನ್ನು ಕಾಡುತ್ತಿರುವುದು ಭಾನುವಾರ ಅಲ್ಲ. ಎಂಟನೇ ತರಗತಿಯಲ್ಲಿ ನೀನು ನನ್ನ ಕ್ಲಾಸಿನಲ್ಲೇ ಇದ್ದೆ. ಇನ್‌ಡೈರೆಕ್ಟ್ ಸ್ಪೀಚಿಗೆ, ಅಂದರೆ ಇನ್ನೊಬ್ಬರು ಆಡಿದ್ದನ್ನು ನಮ್ಮ ಮಾತಿನಲ್ಲಿ ತಿಳಿಸುವುದಕ್ಕೆ, ಸ್ವಂತ ವಾಕ್ಯ ಬರೆಯಿರಿ ಅಂದಿದ್ದೆ. ನೀನು ಬರೆದೆ: ‘ಮೈ ಗ್ರ್ಯಾಂಡ್‌ಮದರ್ ಆಸ್ಕ್ಡ್ ಮೀ ದಟ್ ವೆನ್ ವಿಲ್ ಯು ಕಮ್?’ ನಾನು ಜೋರಾಗಿ ಓದಿದೆ. ‘ಮೇಷ್ಟ್ರ ಮಗಳ ಇಂಗ್ಲಿಷು ನೋಡಿ’ ಅಂದೆ. ಕ್ಲಾಸು ನಕ್ಕಿತು. ‘ದಟ್’ ಹೊಡೆದು ಹಾಕಿದೆ. ‘ವೆನ್ ಐ ವುಡ್ ಕಮ್’ ಅಂತ ತಿದ್ದಿದೆ. ಪ್ರಶ್ನೆ ಚಿಹ್ನೆ ತೆಗೆದು ಫುಲ್‌ಸ್ಟಾಪ್ ಇಟ್ಟೆ. ತಿದ್ದಿದ್ದೆಲ್ಲ ಸರಿಯೇ. ಅಜ್ಜಿ ಆಗ ಆಸ್ಪತ್ರೆಯಲ್ಲಿದ್ದಳು. ಅವಳು ನಿಜವಾಗಿ ನಿನ್ನನ್ನು ಕೇಳಿದ ಮಾತದು ಅಂತ ನನಗೆ ಹೊಳೆಯಲೇ ಇಲ್ಲ. ನನ್ನಮ್ಮ ಕಣೇ ಅವಳು.

ಅದು ದಡ್ಡತನವೂ ಅಲ್ಲ ಅಂತ ಗೊತ್ತಾಗಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ‘ಯಾವಾಗ ಬರ್ತೀಯ ಅಂತ ಅಜ್ಜಿ ಕೇಳಿದಳು’ ಅನ್ನುತ್ತೇವೆ. ಕನ್ನಡದಲ್ಲಿ ಪ್ರಶ್ನೆ ಇದ್ದ ಹಾಗೇ ಇರುತ್ತದೆ. ‘ನೀನು’ ಹೋಗಿ ‘ನಾನು’ ಆಗಬೇಕಿಲ್ಲ, ಕಾಲವೂ ಹಿಂದೆ ಸರಿಯಬೇಕಿಲ್ಲ. ಒಂದು ‘ಅಂತ’ ಸಾಕು. ನೀನು ಆ ‘ಅಂತ’ವನ್ನೇ ‘ದಟ್’ ಮಾಡಿದ್ದೆ.

ನಿನ್ನ ಕ್ಲಾಸಿನ ಮಕ್ಕಳೂ ಹಾಗೇ ಬರೆಯುತ್ತಾರೆ. ನಗಬೇಡ. ಮೊದಲು ಆಡಿದ ಮಾತನ್ನೇ ಬರೆಸು. ‘ಸೆಡ್’ ಆದಮೇಲೆ ಕಾಮಾ, ಆಮೇಲೆ ಕೊಟೇಶನ್, ಒಳಗಿನ ಮೊದಲ ಅಕ್ಷರ ಕ್ಯಾಪಿಟಲ್, ಕೊನೆಯ ಚುಕ್ಕಿ ಕೊಟೇಶನ್ ಒಳಗೇ. ‘ಟುಮಾರೋ’ ಕಂಡ ಕೂಡಲೇ ‘ದ ನೆಕ್ಸ್ಟ್ ಡೇ’ ಮಾಡಿಸುವ ಗೈಡುಗಳನ್ನು ನಂಬಬೇಡ. ಇವತ್ತಿನ ಮಾತನ್ನು ಇವತ್ತೇ ತಿಳಿಸುವಾಗ ನಾಳೆ ಅನ್ನೋದು ನಾಳೆಯೇ ಅಲ್ವಾ? ಮತ್ತೆ ‘ಸೆಡ್ ಟು’ ಬಂದರೆ... ನೋಡು, ಪುನಃ ಶುರು ಮಾಡಿದೆ.

ನಮ್ಮ ಮನೆಯಲ್ಲಿ ಎರಡನೇ ಇಂಗ್ಲಿಷ್ ಟೀಚರ್ ನೀನು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ, ನಿನಗೊಬ್ಬಳಿಗೆ ಹೇಳಿಲ್ಲ. ಅಲ್ಲಿ ಬಿಸಿಲು ಜಾಸ್ತಿ, ನೀರು ಕಾಯಿಸಿ ಕುಡಿ.

ಚಟ್ನಿಪುಡಿ ಡಬ್ಬಿ ಇಲ್ಲೇ ಬಿಟ್ಟು ಹೋಗಿದ್ದೀಯ. ಕೊರಿಯರ್ ಮಾಡಲಾ? ಇಲ್ಲ, ನೀನೇ ಯಾವಾಗ ಬರ್ತೀಯ?

ಅಪ್ಪ