‘ಹೋಗಿದ್ದೆ’ ಎಂದರೆ ‘ಹ್ಯಾಡ್ ಗಾನ್’ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಸೋಮವಾರದ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಇಂಗ್ಲಿಷ್ ಕ್ರಿಯಾಪದಗಳ ಕೋಷ್ಟಕವೊಂದು ಬಂದಿದೆ. ಐ ವೆಂಟ್ ಎಂದರೆ ‘ಹೋದೆನು’, ಐ ಹ್ಯಾವ್ ಗಾನ್ ಎಂದರೆ ‘ಹೋಗಿದ್ದೇನೆ’, ಐ ಹ್ಯಾಡ್ ಗಾನ್ ಎಂದರೆ ‘ಹೋಗಿದ್ದೆನು’. ನಾನು ಹೈಸ್ಕೂಲಿನಲ್ಲಿ ಉರು ಹೊಡೆದದ್ದೂ ಇದನ್ನೇ, ಅಕ್ಷರ ಬದಲಾಗಿಲ್ಲ. ಇದರ ಮೂರನೇ ಸಾಲಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ಅದನ್ನು ಹೇಳಿಕೊಳ್ಳಲೆಂದೇ ಈ ಪತ್ರ.

ತಿಪಟೂರಿನಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. 1988ರಲ್ಲಿ ಗೋದ್ರೆಜ್ ಮಷಿನ್ ಇಟ್ಟುಕೊಂಡು ಕೂತವನು, ಈಗ ಕಂಪ್ಯೂಟರ್ ಮುಂದೆ ಕೂತಿದ್ದೇನೆ. ಜನ ಕನ್ನಡದಲ್ಲಿ ಹೇಳುತ್ತಾರೆ, ನಾನು ಇಂಗ್ಲಿಷಿನಲ್ಲಿ ಬಡಿಯುತ್ತೇನೆ. ಬ್ಯಾಂಕಿಗೆ, ವಿಮೆಯವರಿಗೆ, ಮಗ ಕೆಲಸಕ್ಕಿರುವ ಕಂಪನಿಗೆ. ಕನ್ನಡದ ಅರ್ಜಿಗಳೂ ಬರುತ್ತವೆ. ಅವುಗಳಲ್ಲಿ ನನಗೆ ತಲೆನೋವಿಲ್ಲ.

ತೊಂಬತ್ತರ ದಶಕದಲ್ಲಿ ಒಬ್ಬ ಹೆಂಗಸು ಬಂದರು. ಮನೆ ಸೋರಿ ಪಾಸ್ ಬುಕ್ ನೆನೆದು ಮುದ್ದೆಯಾಗಿತ್ತು. “ಅಣ್ಣಯ್ಯ, ನಿಮ್ ಬ್ಯಾಂಕಲ್ಲಿ ಖಾತೆ ಮಾಡ್ಸಿದ್ದೆ, ಪುಸ್ತಕ ನೆಂದೋಗೈತೆ, ಬ್ಯಾರೇದು ಕೊಡಿ ಅಂತ ಬರ್ದುಕೊಡು” ಅಂದರು. ‘ಮಾಡ್ಸಿದ್ದೆ’ ಅಂದರಲ್ಲ, ಕೋಷ್ಟಕದ ಪ್ರಕಾರ ನಾನು ‘ಐ ಹ್ಯಾಡ್ ಓಪನ್ಡ್ ಆ್ಯನ್ ಅಕೌಂಟ್ ಇನ್ ಯುವರ್ ಬ್ರಾಂಚ್’ ಎಂದು ಬಡಿದೆ. ಅಲ್ಲಿನ ಮ್ಯಾನೇಜರ್ ಹೊರ ರಾಜ್ಯದವರು, ಕನ್ನಡ ಬಾರದು. ಮಧ್ಯಾಹ್ನ ಆಕೆ ಬಿಸಿಲಲ್ಲಿ ವಾಪಸು ಬಂದರು. “ಖಾತೆ ಯಾವಾಗ ಮುಚ್ಚಿದ್ರಿ ಅಂತ ಕೇಳ್ತಾರಲ್ಲ, ನಾನ್ಯಾಕಣ್ಣ ಮುಚ್ಚಾನ?” ನಾನೇ ಎದ್ದು ಹೋದೆ. ಮ್ಯಾನೇಜರ್ ಕಾಗದ ತಿರುಗಿಸಿ, ‘ಹ್ಯಾಡ್’ ಮೇಲೆ ಪೆನ್ನಿನ ತುದಿ ಇಟ್ಟು, ಹ್ಯಾಡ್ ಓಪನ್ಡ್ ಸರಿ, ಆಮೇಲೆ ಏನಾಯಿತು ಅಂದರು. ವಾಪಸು ಬಂದು ‘ಐ ಹ್ಯಾವ್ ಆ್ಯನ್ ಅಕೌಂಟ್’ ಎಂದು ತಿದ್ದಿಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ. ಆಕೆ ಆ ದಿನದ ಕೂಲಿ ಕಳೆದುಕೊಂಡದ್ದನ್ನು ನಾನು ಕೊಡಲೂ ಇಲ್ಲ ಅನ್ನಿ.

‘ಆಮೇಲೆ ಏನಾಯಿತು’ ಎಂಬ ಆ ಮಾತು ವರ್ಷಗಟ್ಟಲೆ ತಲೆಯಲ್ಲಿ ಕೊರೆಯಿತು. ಕೊನೆಗೆ ಹೊಳೆದದ್ದು ಅಂಗಡಿಯ ಮುಂದಿನ ಹರಟೆಯಲ್ಲಿ. ‘ನಿನ್ನೆ ಅರಸೀಕೆರೆಗೆ ಹೋಗಿದ್ದೆ’ ಅಂತ ಒಬ್ಬರು ಹೇಳಿದರೆ ನಮಗೆ ಅಲ್ಲಿಗೆ ಮಾತು ಪೂರ್ತಿ. ಹೋದರು, ಕೆಲಸ ಮುಗಿಸಿದರು, ಬಂದರು. ‘ಹೌದಾ, ಮಳೆ ಇತ್ತಾ’ ಅಂತ ಕೇಳುತ್ತೇವೆ ಅಷ್ಟೆ. ಅದೇ ಮನುಷ್ಯ ‘ನಿನ್ನೆ ಅರಸೀಕೆರೆಗೆ ಹೋದೆ’ ಅಂದು ಸುಮ್ಮನಾಗಲಿ, ಎಲ್ಲರೂ ಅವನ ಮುಖ ನೋಡುತ್ತಾರೆ. ಹೋದೆ... ಹೋಗಿ? ಕಥೆ ಈಗ ಶುರುವಾಯಿತು ಅಂತ ಕಾಯುತ್ತಾರೆ. ಇಂಗ್ಲಿಷಿನಲ್ಲಿ ಇದು ಪೂರಾ ಉಲ್ಟಾ. ‘ಐ ವೆಂಟ್ ಟು ಅರಸೀಕೆರೆ ಯೆಸ್ಟರ್ಡೇ’ ಅಂದರೆ ಮಾತು ಮುಗಿಯಿತು. ‘ಐ ಹ್ಯಾಡ್ ಗಾನ್’ ಅಂದರೆ ಕೇಳುವವನು ಕಿವಿ ನಿಮಿರಿಸಿ ಕೂರುತ್ತಾನೆ, ಯಾಕೆಂದರೆ ಹ್ಯಾಡ್ ಬಂತೆಂದರೆ ಅದರ ಹಿಂದೆ ಇನ್ನೊಂದು ಸಂಗತಿ ಬರಲೇಬೇಕು, ಇಲ್ಲವೇ ಆಗಲೇ ಬಂದಿರಬೇಕು. ಹೀಗಾಗಿ ನಮ್ಮ ‘ಹೋಗಿದ್ದೆ’ಗೆ ಅವರದು ಬಹುಪಾಲು ‘ವೆಂಟ್’. ಇದನ್ನು ಯಾವ ಮೇಷ್ಟರೂ ನನಗೆ ಹೇಳಲಿಲ್ಲ.

ನಮ್ಮ ‘ಹೋಗಿದ್ದೆ’ಯನ್ನು ಬಿಡಿಸಿದರೆ ‘ಹೋಗಿ ಇದ್ದೆ’. ಅಪ್ಪ ‘ಹೋಗಿದ್ದಾರೆ’ ಅಂದರೆ ಇನ್ನೂ ಬಂದಿಲ್ಲ, ‘ಹೋಗಿದ್ದರು’ ಅಂದರೆ ಬಂದಿದ್ದಾರೆ. ಒಂದು ‘ದ್ದಾ’, ಒಂದು ‘ದ್ದ’. ಅಷ್ಟರಲ್ಲೇ ಮನುಷ್ಯ ಮನೆಯಲ್ಲಿದ್ದಾನೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಇಷ್ಟು ನಾಜೂಕಿನ ಮಾತನ್ನು ತಂದು ಕೋಷ್ಟಕದ ಮೂರನೇ ಸಾಲಿಗೆ ತುರುಕಿದ್ದೇವೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಸಂಸ್ಕೃತದ ವ್ಯಾಕರಣ ತೊಡಿಸಬೇಡಿ ಎಂದು ಬರೆಯುತ್ತಲೇ ಬಂದರು. ಇಲ್ಲಿ ನಾವು ಕನ್ನಡಕ್ಕೂ ಇಂಗ್ಲಿಷಿಗೂ ಸೇರಿಸಿ ಒಂದೇ ಅಂಗಿ ಹೊಲಿಸಿಬಿಟ್ಟಿದ್ದೇವೆ.

ಇದು ನಮ್ಮೊಬ್ಬರ ರೋಗವೂ ಅಲ್ಲ. ಹಿಂದಿಯವರ ‘ಗಯಾ ಥಾ’ ನಮ್ಮ ‘ಹೋಗಿದ್ದೆ’ಯ ಅಣ್ಣನೋ ತಮ್ಮನೋ ಆಗಬೇಕು. ಹಾಗಾಗಿ ಅವರೂ ಹ್ಯಾಡ್ ಹ್ಯಾಡ್ ಅಂತಲೇ ಓಡಾಡುತ್ತಾರೆ. ಭಾರತದ ಇಂಗ್ಲಿಷಿನ ಗುರುತುಗಳಲ್ಲಿ ಇದೂ ಒಂದು ಎಂದು ಭಾಷೆ ಬಲ್ಲವರು ಬರೆದದ್ದುಂಟು. ನಮ್ಮ ನಮ್ಮಲ್ಲೇ ಮಾತಾಡುವಾಗ ಯಾರಿಗೂ ತೊಂದರೆಯಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿರುವ ನನ್ನ ಮಗಳು ಲಂಡನ್ನಿನವರೊಂದಿಗೆ ಫೋನಿನಲ್ಲಿ ‘ಐ ಹ್ಯಾಡ್ ಸೆಂಟ್ ದಿ ಫೈಲ್ ಯೆಸ್ಟರ್ಡೇ’ ಅಂದಳಂತೆ. ಆಚೆಯಿಂದ ಎರಡು ಕ್ಷಣ ಸದ್ದಿಲ್ಲ. ಲೈನ್ ಕಟ್ಟಾಯಿತೆಂದು ಇವಳು ಹಲೋ ಹಲೋ ಅಂದಳಂತೆ. ಕಟ್ಟಾಗಿರಲಿಲ್ಲ, ಆಚೆಯವರು ಉಳಿದ ವಾಕ್ಯಕ್ಕೆ ಕಾಯುತ್ತಿದ್ದರು. ಅವಳು ಕಲಿತದ್ದೂ ಅದೇ ಕೋಷ್ಟಕ. ಕಲಿಸಿದವನು ನಾನೇ, ಬ್ಯಾಂಕಿನ ಪ್ರಸಂಗಕ್ಕೆ ಮುಂಚೆ.

ಹಾಗಂತ ಹ್ಯಾಡ್ ಬೇಡವೆಂದಲ್ಲ. ನಾನು ಸ್ಟೇಷನ್ನಿಗೆ ಹೋಗುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಇಲ್ಲಿ ಎರಡೂ ಭಾಷೆ ಒಂದೇ ದಾರಿಯಲ್ಲಿ ನಡೆಯುತ್ತವೆ, ‘ದಿ ಟ್ರೇನ್ ಹ್ಯಾಡ್ ಲೆಫ್ಟ್’ ಎನ್ನಲೇಬೇಕು. ಶಾಲೆಯಲ್ಲಿ ರೈಲಿನ ಬದಲು ಡಾಕ್ಟರು ಬರುತ್ತಾರೆ, ಅವರು ಬರುವಷ್ಟರಲ್ಲಿ ರೋಗಿ ಸತ್ತಿರುತ್ತಾನೆ. ಎಷ್ಟು ತಲೆಮಾರಿನ ಮಕ್ಕಳೆದುರು ಆ ಬಡಪಾಯಿ ಸಾಯುತ್ತಿದ್ದಾನೋ! ಕೋರ್ಟಿನ ಕಾಗದದಲ್ಲಂತೂ ಹ್ಯಾಡ್ ಒಂದೊಂದಕ್ಕೂ ಬೆಲೆ ಇದೆ. ನೋಟಿಸ್ ತಲುಪಿದಾಗ ಹಣ ಕಟ್ಟಿದನೋ, ತಲುಪುವ ಮೊದಲೇ ಕಟ್ಟಿಯಾಗಿತ್ತೋ ಎಂಬುದು ‘ಪೇಡ್’, ‘ಹ್ಯಾಡ್ ಪೇಡ್’ ಇವೆರಡರ ಮೇಲೆ ನಿಲ್ಲಬಹುದು. ‘ಗೊತ್ತಿದ್ದರೆ ಬರುತ್ತಿದ್ದೆ’ ಎಂಬಲ್ಲಿಯೂ ಅದು ಬೇಕು.

ಇತ್ತೀಚೆಗೆ ಒಬ್ಬ ಹುಡುಗ ಅಂಕಪಟ್ಟಿಯ ಎರಡನೇ ಪ್ರತಿಗೆಂದು ಫೋನಿನಲ್ಲಿ ತಾನೇ ಅರ್ಜಿ ಬರೆದುಕೊಂಡು ಬಂದ. ‘ಐ ಹ್ಯಾಡ್ ಲಾಸ್ಟ್ ಮೈ ಮಾರ್ಕ್ಸ್ ಕಾರ್ಡ್.’ ಓದಿ, “ಮತ್ತೆ ಸಿಕ್ತೇನಪ್ಪಾ?” ಅಂದೆ. “ಸಿಕ್ಕಿದ್ರೆ ಯಾಕ್ ಬರ್ತಿದ್ದೆ ಅಂಕಲ್?” ಅಂದ. ಕನ್ನಡದಲ್ಲಾಗಿದ್ದರೆ ಅವನು ‘ಕಳೆದುಕೊಂಡಿದ್ದೆ’ ಅಂತ ಖಂಡಿತ ಬರೆಯುತ್ತಿರಲಿಲ್ಲ, ‘ಕಳೆದುಕೊಂಡಿದ್ದೇನೆ’ ಅನ್ನುತ್ತಿದ್ದ. ಹ್ಯಾಡ್ ಹಾಕಿದರೆ ಇಂಗ್ಲಿಷ್ ಗಟ್ಟಿಯಾಗುತ್ತದೆ, ಮರ್ಯಾದೆಯ ಭಾಷೆಯಾಗುತ್ತದೆ ಎಂಬ ನಂಬಿಕೆ ಇದೆಯಲ್ಲ, ಅದು ಬರೆಸಿದ್ದು. ‘ಹ್ಯಾವ್ ಲಾಸ್ಟ್’ ಮಾಡಿಕೊಟ್ಟೆ. ತಾರೀಕು ಸೇರಿಸಿ ಅಂದ. ತಾರೀಕು ಸೇರಿಸಿದರೆ ಹ್ಯಾವ್ ಕೂಡ ನಿಲ್ಲುವುದಿಲ್ಲ, ಬರೀ ‘ಲಾಸ್ಟ್’ ಸಾಕು ಅಂದೆ. “ಇಷ್ಟೇನಾ?” ಅಂದ. ಪುಟಕ್ಕೆ ಇಷ್ಟು ಅಂತ ದುಡ್ಡು ಕೊಡುವವನಿಗೆ ಅನುಮಾನ ಬರುವುದು ಸಹಜ.

ನನ್ನ ಕೋರಿಕೆ ಇಷ್ಟೆ. ಆ ಕೋಷ್ಟಕದ ಮೂರನೇ ಸಾಲನ್ನು ಮುಂದಿನ ಸೋಮವಾರ ತಿದ್ದಿ ಹಾಕಿ. ಮಕ್ಕಳಿಗೆ ಕ್ರಿಯಾಪದವನ್ನು ಒಂಟಿಯಾಗಿ ಕೊಡಬೇಡಿ, ವಾಕ್ಯದಲ್ಲಿಟ್ಟು ಕೊಡಿ, ಅದೂ ಮನೆಯಲ್ಲಿ ಆಡುವ ವಾಕ್ಯ. ಬೇಕಾದರೆ ನಾನೇ ಒಂದು ಕೊಡುತ್ತೇನೆ. ನಮ್ಮೂರಿನದು, ಅಂಗಡಿಯಲ್ಲಿ ಅತಿ ಹೆಚ್ಚು ಸಲ ಕಿವಿಗೆ ಬಿದ್ದದ್ದು: ‘ಹೋದ ತಿಂಗಳು ಕೊಬ್ಬರಿ ಮಾರಿದ್ದೆ, ದುಡ್ಡು ಇನ್ನೂ ಬಂದಿಲ್ಲ.’ ಮೊದಲ ಭಾಗಕ್ಕೆ ‘ಸೋಲ್ಡ್’, ಎರಡನೆಯದಕ್ಕೆ ‘ಹ್ಯಾಸ್ ನಾಟ್ ಕಮ್’. ಹ್ಯಾಡ್ ಎಲ್ಲೂ ಇಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ಟೈಪಿಸ್ಟ್, ತಿಪಟೂರು